ಪಂಚಾಯಿತಿ ಕಂದಾಯದಲ್ಲಿ ಸಂಬಳದ ಪಾಲೆಷ್ಟು? ಲೆಕ್ಕ ನೋಡುವ ಬಗೆ

ಕಟ್ಟಿದ ಮನೆ ಕಂದಾಯವೆಲ್ಲ ಸಿಬ್ಬಂದಿಯ ಸಂಬಳಕ್ಕೇ ಸರಿಹೋಗುತ್ತದೆ ಎಂಬ ದೂರು ಗ್ರಾಮಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ ಮಟ್ಟಿಗೆ ಅದು ಎಷ್ಟು ನಿಜ ಎಂಬುದನ್ನು ನೀವೇ ಪರಿಶೀಲಿಸಬಹುದು. ಅದಕ್ಕೆ ಕಂದಾಯದ ರಸೀದಿ, ಡಿಸಿಬಿ ತಃಖ್ತೆ (ಬೇಡಿಕೆ, ವಸೂಲಿ ಮತ್ತು ಬಾಕಿಯ ಲೆಕ್ಕ) ಹಾಗೂ ಆಯವ್ಯಯ ಪಟ್ಟಿ ಸಾಕು.

ಮೊದಲು ರಸೀದಿಯನ್ನು ನೋಡಿ. ತೆರಿಗೆಯ ಜೊತೆ ಸೇರಿರುವ ಕರಗಳೆಲ್ಲ ಪಂಚಾಯಿತಿಗೆ ಉಳಿಯುವ ಹಣವಲ್ಲ. ತೆರಿಗೆ ₹1,000 ಇದ್ದರೆ ಅದರ ಮೇಲೆ ಶೇ 6ರ ಗ್ರಂಥಾಲಯ ಕರವಾಗಿ ₹60, ಶೇ 3ರ ಭಿಕ್ಷುಕರ ಕರವಾಗಿ ₹30 ವಸೂಲಾಗುತ್ತದೆ. ಈ ₹90 ಸಂಬಂಧಪಟ್ಟ ಇಲಾಖೆಗಳಿಗೆ ಸಲ್ಲಬೇಕಾದದ್ದು.

ಬಳಿಕ ಯಾರ ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ಬೇರ್ಪಡಿಸಿಕೊಳ್ಳಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ರಾಜ್ಯ ಸರ್ಕಾರದ ನೌಕರರಾದ್ದರಿಂದ ಅವರ ವೇತನ ನಿಮ್ಮ ಕಂದಾಯದಿಂದ ಹೋಗುವುದಿಲ್ಲ. ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ವಾಟರ್‌ಮನ್, ಜವಾನ, ಸ್ವಚ್ಛತಾಗಾರರು ಪಂಚಾಯಿತಿಯದೇ ಸಿಬ್ಬಂದಿ. ಇವರ ವೇತನಕ್ಕೆ ಸ್ವಂತ ವರಮಾನದ ಜೊತೆಗೆ ರಾಜ್ಯದ ಶಾಸನಬದ್ಧ ಅನುದಾನವೂ ಒದಗುತ್ತದೆ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿದ್ದರೆ, ಉಳಿದ ಶೇ 40 ಭಾಗವನ್ನೂ ಸಂಬಳಕ್ಕಾಗಲಿ ಕಚೇರಿ ವೆಚ್ಚಕ್ಕಾಗಲಿ ಬಳಸುವಂತಿಲ್ಲ. ಹೀಗಾಗಿ ಆಯೋಗದ ಹಣದಲ್ಲಿ ಆಗಬೇಕಿದ್ದ ಕಾಮಗಾರಿ ನಿಂತಿದ್ದಕ್ಕೆ ಸಂಬಳವನ್ನು ಕಾರಣವಾಗಿ ಹೇಳಿದರೆ ಒಪ್ಪಬೇಡಿ.

ಮುಖ್ಯ ಹೆಜ್ಜೆ ಡಿಸಿಬಿ. ಇದರಲ್ಲಿ ಬೇಡಿಕೆ ಎಂದರೆ ಜನರಿಂದ ಬರಬೇಕಾದ ಒಟ್ಟು ಕಂದಾಯ. ಹಳೆಯ ಬಾಕಿಯೂ ಸೇರಿ ಒಂದು ಪಂಚಾಯಿತಿಯ ಬೇಡಿಕೆ ₹20 ಲಕ್ಷ, ವಸೂಲಿ ₹8 ಲಕ್ಷ, ಅದರಲ್ಲಿ ವೇತನಕ್ಕೆ ಹೋದದ್ದು ₹6 ಲಕ್ಷ ಎಂದಿಟ್ಟುಕೊಳ್ಳಿ. ವಸೂಲಿಗೆ ಹೋಲಿಸಿದರೆ ವೇತನದ ಪಾಲು ಶೇ 75, ಬೇಡಿಕೆಗೆ ಹೋಲಿಸಿದರೆ ಶೇ 30 ಮಾತ್ರ. ಎರಡನ್ನೂ ಬರೆದುಕೊಳ್ಳಿ, ಏಕೆಂದರೆ ಇವುಗಳ ನಡುವಿನ ಅಂತರವೇ ಸಂಬಳ ಹೆಚ್ಚಾಯಿತೋ ವಸೂಲಿ ಕುಸಿಯಿತೋ ಎಂಬುದನ್ನು ತಿಳಿಸುತ್ತದೆ. ಬಾಕಿದಾರರ ಪಟ್ಟಿಯನ್ನೂ ಕೇಳಿ. ದೊಡ್ಡ ಬಾಕಿ ಇರುವುದು ಸಾಮಾನ್ಯ ಮನೆಗಳಲ್ಲೋ ವಾಣಿಜ್ಯ ಕಟ್ಟಡಗಳಲ್ಲೋ ಎಂಬುದನ್ನು ಸಭೆಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ವೇತನದ ಪಕ್ಕದಲ್ಲೇ ಕೊಳವೆಬಾವಿ ಪಂಪ್‌ಸೆಟ್ ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ಲನ್ನು ಇಟ್ಟು ನೋಡಿ. ಹಗಲಲ್ಲೂ ಉರಿಯುವ ಬೀದಿದೀಪದ ಖರ್ಚನ್ನು ಪ್ರಶ್ನಿಸದೆ, ಬೆಳಗಿನ ಜಾವ ವಾಲ್ವ್ ತಿರುಗಿಸಿ ನೀರು ಬಿಡುವ ವಾಟರ್‌ಮನ್‌ನ ಕೂಲಿಗೆ ಮೊದಲು ಕತ್ತರಿ ಹಾಕುವುದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ, ಇಲ್ಲವೇ ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಜನರ ಮುಂದೆ ಇಡುವ ವಾರ್ಷಿಕ ಜಮಾಬಂದಿಯಲ್ಲಿ ಎತ್ತಿ. ಕಾಗದಗಳು ಸಿಗದಿದ್ದರೆ ₹10 ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸಿ. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳನ್ನು ಮೀರದಂತಿರಬೇಕಾದ್ದರಿಂದ, ವೇತನದ ಲೆಕ್ಕಕ್ಕೂ ಬಾಕಿದಾರರ ಪಟ್ಟಿಗೂ ಪ್ರತ್ಯೇಕ ಅರ್ಜಿ ಹಾಕುವುದು ಒಳಿತು.