ಮೀನಿನ ತೊಟ್ಟಿಗೆ ಎಷ್ಟು ಕರೆಂಟ್? ನೀವೇ ಲೆಕ್ಕ ಹಾಕಿ

ಮನೆಯ ಕರೆಂಟ್ ಬಿಲ್ ಏರಿದಾಗ ಮೊದಲು ದೂರು ಹೊತ್ತುಕೊಳ್ಳುವುದು ಮೀನಿನ ತೊಟ್ಟಿ. ಹಗಲು ರಾತ್ರಿ ಉರಿಯುವ ವಸ್ತು ಅದೊಂದೇ ಎಂದು ಮನೆಮಂದಿಗೆ ಕಾಣುತ್ತದೆ. ಎಷ್ಟೋ ಮನೆಗಳಲ್ಲಿ ಉಳಿತಾಯದ ಹೆಸರಿನಲ್ಲಿ ರಾತ್ರಿ ಫಿಲ್ಟರ್ ಆರಿಸುತ್ತಾರೆ. ಮೀನು ಸಾಯುತ್ತದೆ, ಬಿಲ್ ಮಾತ್ರ ಇಳಿಯುವುದಿಲ್ಲ. ಆದ್ದರಿಂದ ಯಾವ ಉಪಕರಣ ಎಷ್ಟು ತಿನ್ನುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಇದಕ್ಕೆ ಕಾಗದ, ಪೆನ್ನು ಮತ್ತು ಹಿಂದಿನ ತಿಂಗಳ ಬಿಲ್ ಸಾಕು.

ವಾಟ್ ಬರೆದುಕೊಳ್ಳಿ

ಫಿಲ್ಟರ್, ಏರ್ ಪಂಪ್, ದೀಪ, ಹೀಟರ್ ಎಲ್ಲದರ ಮೇಲೂ ವಾಟ್ ಎಷ್ಟೆಂದು ಬರೆದಿರುತ್ತದೆ. ಹೀಟರನ್ನು ನೀರಿನಿಂದ ತೆಗೆದು ನೋಡುವುದಾದರೆ ಮೊದಲು ಪ್ಲಗ್ ಕಿತ್ತು ಹದಿನೈದು ನಿಮಿಷ ಬಿಡಿ. ಬಿಸಿ ಗಾಜು ಗಾಳಿಗೆ ಬಂದರೆ ಒಡೆಯಬಹುದು.

ಉದಾಹರಣೆಗೆ ಎರಡೂವರೆ ಅಡಿಯ, ಸುಮಾರು 100 ಲೀಟರಿನ ತೊಟ್ಟಿಯನ್ನು ತೆಗೆದುಕೊಳ್ಳೋಣ. ಫಿಲ್ಟರ್ 8 ವಾಟ್, ಏರ್ ಪಂಪ್ 4 ವಾಟ್, ಎಲ್‌ಇಡಿ ದೀಪ 18 ವಾಟ್, ಹೀಟರ್ 100 ವಾಟ್.

ಗಂಟೆಯಿಂದ ಗುಣಿಸಿ

ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಮೂವತ್ತು ದಿನಕ್ಕೆ 720 ಗಂಟೆ. ಅಂದರೆ ಸದಾ ನಡೆಯುವ ಉಪಕರಣದ ವಾಟನ್ನು 0.72ರಿಂದ ಗುಣಿಸಿದರೆ ತಿಂಗಳ ಯೂನಿಟ್ ಸಿಗುತ್ತದೆ. ಫಿಲ್ಟರ್‌ಗೆ 5.8, ಏರ್ ಪಂಪ್‌ಗೆ 2.9. ದಿನಕ್ಕೆ ಎಂಟು ಗಂಟೆ ಉರಿಯುವ ದೀಪಕ್ಕೆ 4.3. ಮೂರೂ ಸೇರಿ 13 ಯೂನಿಟ್.

ದರಕ್ಕಾಗಿ ಬಿಲ್ ನೋಡಿ. ನಿಗದಿತ ಶುಲ್ಕವನ್ನು ಬಿಟ್ಟುಬಿಡಿ, ತೊಟ್ಟಿ ಇದ್ದರೂ ಇಲ್ಲದಿದ್ದರೂ ಅದು ಅಷ್ಟೇ. ಬಳಕೆಯ ಶುಲ್ಕ, ಸರ್ಚಾರ್ಜ್, ತೆರಿಗೆಗಳನ್ನು ಕೂಡಿಸಿ ಯೂನಿಟ್‌ಗಳಿಂದ ಭಾಗಿಸಿ. ಇಲ್ಲಿನ ಲೆಕ್ಕಕ್ಕೆ ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಳ್ಳೋಣ. 13 ಯೂನಿಟ್‌ಗೆ 91 ರೂಪಾಯಿ. ಮಹಾರಾಷ್ಟ್ರದಂತೆ ಬಳಕೆ ಹೆಚ್ಚಿದಷ್ಟೂ ದರ ಏರುವ ಕಡೆ ಇರುವವರು ತಮ್ಮ ಬಿಲ್ಲಿನ ಅತಿ ಮೇಲಿನ ಹಂತದ ದರವನ್ನೇ ಹಿಡಿಯಬೇಕು, ಏಕೆಂದರೆ ತೊಟ್ಟಿಯ ಯೂನಿಟ್‌ಗಳು ಸೇರುವುದು ಆ ತುದಿಗೆ.

ಹೀಟರ್ ಲೆಕ್ಕವೇ ಬೇರೆ

ಇದನ್ನು 720 ಗಂಟೆಯಿಂದ ಗುಣಿಸಿದರೆ 72 ಯೂನಿಟ್ ಬಂದು ಗಾಬರಿಯಾಗುತ್ತದೆ. ನಿಜದಲ್ಲಿ ನೀರು ನಿಗದಿತ ಉಷ್ಣತೆಗೆ ಬಂದೊಡನೆ ಹೀಟರ್ ತಾನಾಗಿ ಆರುತ್ತದೆ. ಅದರ ಮೇಲಿನ ಕೆಂಪು ದೀಪವನ್ನು ಗಮನಿಸಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಗಂಟೆಯಲ್ಲಿ ಎಷ್ಟು ನಿಮಿಷ ಉರಿಯಿತೆಂದು ಬರೆದು ಸರಾಸರಿ ತೆಗೆಯಿರಿ. ಅದನ್ನು 24ರಿಂದ ಗುಣಿಸಿದರೆ ದಿನದ ಲೆಕ್ಕ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಒಟ್ಟು ದಿನಕ್ಕೆ ಏಳು ಗಂಟೆ ಉರಿಯಿತೆಂದರೆ ತಿಂಗಳಿಗೆ 21 ಯೂನಿಟ್, 147 ರೂಪಾಯಿ. ಉಳಿದ ಮೂರೂ ಉಪಕರಣಗಳಿಗಿಂತ ಇದೊಂದೇ ಹೆಚ್ಚು. ಏಪ್ರಿಲ್‌ನಲ್ಲಿ ಇದೇ ಹೀಟರ್ ಸೊನ್ನೆ. ಮಂಗಳೂರಿನ ಸೆಕೆಯಲ್ಲಿ ವರ್ಷದ ಬಹುಪಾಲು ಇದರ ಅಗತ್ಯವೇ ಬರುವುದಿಲ್ಲ. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಅದಕ್ಕೆ ನಮ್ಮ ಹವೆಯಲ್ಲಿ ಹೀಟರ್ ಹಾಕುವುದೇ ಬೇಡ.

ಮೀಟರ್‌ನಲ್ಲಿ ಪರೀಕ್ಷಿಸಿ

ಮನೆಯ ಡಿಜಿಟಲ್ ಮೀಟರ್‌ನಲ್ಲಿ ಮಿನುಗುವ ಚಿಕ್ಕ ದೀಪವಿದೆ. ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ, 3200 ಎಂದಿದೆ ಎನ್ನಿ. ಫ್ರಿಜ್, ಇನ್ವರ್ಟರ್, ವೈಫೈ ಸೇರಿದಂತೆ ಎಲ್ಲವನ್ನೂ ಹತ್ತು ನಿಮಿಷ ಆರಿಸಿ, ತೊಟ್ಟಿಯೊಂದನ್ನೇ ಉಳಿಸಿ ಮಿನುಗು ಎಣಿಸಿ. ಹೀಟರ್ ಆರಿರುವ ಹೊತ್ತಿನಲ್ಲಿ 16 ಬಂದರೆ ಗಂಟೆಗೆ 96. ಅದನ್ನು 3200ರಿಂದ ಭಾಗಿಸಿದರೆ 0.03 ಯೂನಿಟ್, ಅಂದರೆ 30 ವಾಟ್. ನಮ್ಮ ಉದಾಹರಣೆಯ ಫಿಲ್ಟರ್, ಪಂಪ್, ದೀಪಗಳ ಮೊತ್ತವೂ ಅಷ್ಟೇ. ನಿಮ್ಮ ಎಣಿಕೆ ಬಹಳ ಹೆಚ್ಚು ಬಂದರೆ ಇನ್ನೇನೋ ನಡೆಯುತ್ತಿದೆ ಎಂದು ಹುಡುಕಿ.

ಗೃಹಜ್ಯೋತಿ ಇರುವವರು ಇದನ್ನು ಬಿಡಬೇಡಿ

ಕರ್ನಾಟಕದ ಓದುಗರಿಗೆ ನಿಜವಾದ ಲೆಕ್ಕ ಇಲ್ಲಿದೆ. ಯೋಜನೆಯಲ್ಲಿ ಉಚಿತ ಮಿತಿಯನ್ನು ಸಾಮಾನ್ಯವಾಗಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಗೊತ್ತು ಮಾಡಿದ್ದಾರೆ. ಆಮೇಲೆ ತಂದ ತೊಟ್ಟಿ ಆ ಸರಾಸರಿಯಲ್ಲಿ ಇಲ್ಲ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಹಣ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಸರಾಸರಿ 160 ಇದ್ದ ಮನೆಗೆ ಮಿತಿ 176. ಈಗ ತೊಟ್ಟಿ ಬಿಟ್ಟು 170 ಯೂನಿಟ್ ಬಳಕೆಯಿದೆ ಎನ್ನೋಣ. ಬೇಸಿಗೆಯಲ್ಲಿ ತೊಟ್ಟಿಯ 13 ಸೇರಿ 183, ಅಂದರೆ 7 ಯೂನಿಟ್‌ಗೆ 49 ರೂಪಾಯಿ. ಡಿಸೆಂಬರ್‌ನಲ್ಲಿ ತೊಟ್ಟಿಯ 34 ಸೇರಿ 204. ಆಗ ಕಟ್ಟಬೇಕಾದದ್ದು 204 ಯೂನಿಟ್‌ಗೂ: 1,428 ರೂಪಾಯಿ, ಮೇಲೆ ನಿಗದಿತ ಶುಲ್ಕ. ನಾಲ್ಕು ಯೂನಿಟ್ ಇಳಿಸಿದ್ದರೆ ಇದು ಬರುತ್ತಿರಲಿಲ್ಲ.

ಇಳಿಸುವುದು ಎಲ್ಲಿ?

ಹೀಟರ್‌ನಲ್ಲಿ. ನೀರು ಶಾಖ ಕಳೆದುಕೊಳ್ಳುವುದು ಕೋಣೆಗೂ ನೀರಿಗೂ ಇರುವ ಅಂತರಕ್ಕೆ ತಕ್ಕಂತೆ. ಕೋಣೆ 22 ಡಿಗ್ರಿ ಇದ್ದು ಹೀಟರನ್ನು 28ಕ್ಕೆ ಇಟ್ಟಿದ್ದರೆ ಅಂತರ ಆರು. 25ಕ್ಕೆ ಇಳಿಸಿದರೆ ಮೂರು, ಹೀಟರ್ ಬಳಕೆ ಹೆಚ್ಚುಕಡಿಮೆ ಅರ್ಧ. ಗಪ್ಪಿ, ಮೋಲಿ, ನಿಯಾನ್ ಟೆಟ್ರಾಗಳಿಗೆ 25 ಹಿತವಾಗಿಯೇ ಇರುತ್ತದೆ. ಇಳಿಸುವಾಗ ಮಾತ್ರ ದಿನಕ್ಕೊಂದು ಡಿಗ್ರಿಯಂತೆ ಇಳಿಸಿ. ಡಿಸ್ಕಸ್ ಸಾಕುವವರು ಈ ದಾರಿಗೆ ಹೋಗಬಾರದು, ಅದಕ್ಕೆ 28ಕ್ಕಿಂತ ಕಡಿಮೆ ಒಗ್ಗದು. ಅವರು ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿ, ಹಿಂಬದಿಗೂ ಪಕ್ಕಗಳಿಗೂ ಥರ್ಮಾಕೋಲ್ ಹಾಳೆ ಅಂಟಿಸಲಿ. ನೀರು ಆವಿಯಾಗುವುದು ತಗ್ಗಿದರೆ ಶಾಖವೂ ಉಳಿಯುತ್ತದೆ. ದೀಪವನ್ನು ಎಂಟರಿಂದ ಆರು ಗಂಟೆಗೆ ಇಳಿಸಿದರೆ ಒಂದು ಯೂನಿಟ್ ಉಳಿಯುತ್ತದೆ, ಪಾಚಿಯೂ ಕಡಿಮೆಯಾಗುತ್ತದೆ.

ಫಿಲ್ಟರನ್ನು ಮುಟ್ಟಬೇಡಿ. ಮೀನಿನ ಹಿಕ್ಕೆಯಿಂದ ಬರುವ ವಿಷಕಾರಿ ಅಮೋನಿಯವನ್ನು ಕಡಿಮೆ ವಿಷದ ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಇರುವುದು ಅದರ ಸ್ಪಂಜಿನಲ್ಲಿ. ನೀರು ಹರಿಯದಿದ್ದರೆ ಅವಕ್ಕೆ ಆಮ್ಲಜನಕ ಸಿಗುವುದಿಲ್ಲ. ದಿನವೂ ರಾತ್ರಿ ಎಂಟು ಗಂಟೆ ಆರಿಸಿಟ್ಟರೂ ತಿಂಗಳಿಗೆ ಉಳಿಯುವುದು 13 ರೂಪಾಯಿ.