ಮನೆಗೆ ನಾವೇ ಬಣ್ಣ ಹೊಡೆದಾಗ: ಮೊದಲು ಗೋಡೆ ನೋಡಿದೆ, ಆಮೇಲೆ ಬ್ರಷ್ಷು

ಮೈಸೂರಿನಲ್ಲಿ ಬಣ್ಣದ ಕೆಲಸಕ್ಕೆ ಮಳೆ ಬಿಟ್ಟು ದಸರಾ ಬರುವ ಮುಂಚಿನ ದಿನಗಳೇ ಎಲ್ಲರಿಗೂ ಬೇಕು. ಆಗ ಪೇಂಟರ್‌ಗಳು ಸಿಗುವುದು ಕಷ್ಟ. ಸರಸ್ವತಿಪುರಂನ ನಮ್ಮ ಹಳೇ ಮನೆಯ ಒಳಗೋಡೆಗಳಿಗೆ ನಾನು ಮತ್ತು ಮಗ ಸೇರಿ ಬಣ್ಣ ಹೊಡೆದೆವು. ಕೆಲಸ ಚೆನ್ನಾಗಿ ಬಂದಿದ್ದು ಸಾಮಾನನ್ನು ಗೋಡೆ ನೋಡಿಕೊಂಡು ಆರಿಸಿದ್ದರಿಂದ.

ಗೋಡೆ ಮೇಲೆ ಅಂಗೈ ಸವರಿ ನೋಡಿ. ನಮ್ಮ ನಡುಮನೆಯಲ್ಲಿ ಕೈಗೆ ಬಿಳಿ ಪುಡಿ ಬಂತು. ಹಳೇ ಸುಣ್ಣ. ಅದರ ಮೇಲೆ ಎಷ್ಟು ದುಬಾರಿ ಎಮಲ್ಷನ್ (ನೀರು ಬೆರೆಸುವ ಬಣ್ಣ) ಹೊಡೆದರೂ ಸಿಪ್ಪೆ ಏಳುತ್ತದೆ. ಹಾಗಾಗಿ ನಾನು ಮೊದಲು ಕೊಂಡಿದ್ದು ಕೆರೆಯುವ ಬ್ಲೇಡು: ಅಗಲಕ್ಕೆ 4 ಇಂಚು, ಮೂಲೆಗೆ 2 ಇಂಚು. ಜೊತೆಗೆ ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕು. ಸುಣ್ಣದ ಚೂರು ಕಣ್ಣಿಗೆ ಬಿದ್ದರೆ ಉರಿ ಸುಮ್ನೆ ಅಲ್ಲ. ಕೆರೆದು, ಒರೆಸಿ, ಪ್ರೈಮರ್ (ಬಣ್ಣ ಹಿಡಿಯಲು ಮೊದಲು ಹೊಡೆಯುವ ಪದರ) ಮತ್ತು ಪುಟ್ಟಿ (ತಗ್ಗು ತುಂಬುವ ಲೇಪ) ಆದ ಮೇಲೆ 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಕೊನೆಗೆ 220ರಲ್ಲಿ ನಯ ಮಾಡಿದೆವು. ಆಗ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿಯಿರಿ. ಬೆಳಕು ಅಡ್ಡ ಬಿದ್ದಾಗ ಉಬ್ಬು ತಗ್ಗು ಎಲ್ಲಾ ಕಾಣುತ್ತದೆ.

ಬಾಗಿಲಿನ ವಿಷಯ ಬೇರೆ, ಇಲ್ಲಿ ದಯವಿಟ್ಟು ಹುಷಾರಾಗಿರಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎನಾಮೆಲ್‌ನಲ್ಲಿ (ಬಾಗಿಲಿಗೆ ಹೊಡೆಯುವ ಎಣ್ಣೆ ಬಣ್ಣ) ಸೀಸ ಜಾಸ್ತಿ ಇರಬಹುದು. ಅದರ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ನಮ್ಮ ಬಾಗಿಲುಗಳನ್ನು ಒಣಗಿರುವಾಗಲೇ ಉಜ್ಜಲು ನಾನು ಬಿಡಲಿಲ್ಲ. ನೀರಿಗೆ ತಡೆಯುವ ಕಪ್ಪು ಉಪ್ಪುಕಾಗದ ತಂದು, ಒದ್ದೆ ಮಾಡಿ ಉಜ್ಜಿ, ಬಿದ್ದ ರೊಚ್ಚನ್ನು ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ಆ ಹೊತ್ತು ಮೊಮ್ಮಗಳನ್ನು ಮನೆಯಲ್ಲಿ ಇರಿಸಿಕೊಳ್ಳಲಿಲ್ಲ.

ರೋಲರ್ ತರಲು ಸಂತೆಪೇಟೆಗೆ ಹೋದೆ. "ಗೋಡೆ ನುಣ್ಣಗಿದ್ಯಾ, ತರಿತರಿಯಾಗಿದ್ಯಾ ಅಕ್ಕ?" ಅಂತ ಅಂಗಡಿಯವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಪುಟ್ಟಿ ಹಾಕಿದ ನುಣುಪು ಗೋಡೆಗೆ 10 ಎಂಎಂ ಅಥವಾ ಇನ್ನೂ ಗಿಡ್ಡ ಎಳೆಯ ಸ್ಲೀವ್ (ರೋಲರ್ ಮೇಲೆ ಹಾಕುವ ನಾರಿನ ತೋಳು) ಸಾಕು. ಉದ್ದ ಎಳೆಯದ್ದು ಹೊಡೆದರೆ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಬೀಳುತ್ತದೆ. ತರಿ ಗೋಡೆಗೆ 18 ಎಂಎಂ ಬೇಕು, ಇಲ್ಲದಿದ್ದರೆ ಸಂದಿಗೆ ಬಣ್ಣ ಇಳಿಯಲ್ಲ. ನಾನು 9 ಇಂಚಿನದ್ದು ತಗೊಂಡೆ. ಹಿಡಿಯ ತುದಿಯಲ್ಲಿ ಕೋಲು ಸಿಕ್ಕಿಸಲು ತಿರುಪು ಇರುವುದನ್ನೇ ಕೇಳಿ ಪಡೆಯಿರಿ. ಛಾವಣಿಯನ್ನು ನಾವು ನೆಲದ ಮೇಲೆ ನಿಂತೇ ಮುಗಿಸಿದೆವು. ಏಣಿ ಮೂಲೆಗಳಿಗೆ ಮಾತ್ರ, ಅದೂ ಬಾಡಿಗೆಯದ್ದು. ಹೊಸ ಸ್ಲೀವ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ ಕಿತ್ತರೆ ಸಡಿಲ ನಾರೆಲ್ಲ ಅದಕ್ಕೇ ಅಂಟಿ ಬರುತ್ತದೆ, ಗೋಡೆಗೆ ಅಂಟಲ್ಲ.

ಬ್ರಷ್‌ನಲ್ಲಿ ಒಂದೇ ಲೆಕ್ಕ. ನೀರು ಬೆರೆಸುವ ಬಣ್ಣಕ್ಕೆ ಸಿಂಥೆಟಿಕ್ ಕೂದಲು. ಪ್ರಾಣಿ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ, ಅದು ಎಣ್ಣೆ ಬಣ್ಣಕ್ಕೇ ಸರಿ. ಅಂಚು ಎಳೆಯಲು 2 ಇಂಚಿನ, ತುದಿ ಓರೆಯಾಗಿ ಕತ್ತರಿಸಿದ ಬ್ರಷ್ ನನಗೆ ಬಹಳ ಇಷ್ಟವಾಯಿತು. ಅಂಗಡಿಯಲ್ಲೇ ಕೂದಲು ಎಳೆದು ನೋಡಿ. ಕೈಗೆ ಬಂದರೆ ಬೇಡ ಅನ್ನಿ. ಮಧ್ಯೆ ಊಟಕ್ಕೆ ಎದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಿ, ಒಣಗಲ್ಲ. ಕೆಲಸ ಮುಗಿದ ಕೂಡಲೇ ತೊಳೆಯಿರಿ. ಎಮಲ್ಷನ್‌ಗೆ ನೀರು, ಎನಾಮೆಲ್‌ಗೆ ಟರ್ಪೆಂಟೈನ್.

ನಮ್ಮ ರೋಲರ್ ಹಿಡಿ, ಕೋಲು ಈಗ ಮಂಡ್ಯದಲ್ಲಿ ತಂಗಿ ಮನೆಗೆ ಹೋಗಿವೆ. ಅವಳ ಗೋಡೆಗೆ ಪುಟ್ಟಿ ಇಲ್ಲ, ಬರೀ ಗಾರೆ. "ಸ್ಲೀವ್ ಮಾತ್ರ 18 ಎಂಎಂದು ಹೊಸದು ತಗೊಳ್ಳೇ" ಅಂತ ಹೇಳಿ ಕಳಿಸಿದ್ದೇನೆ.