ಅಟ್ಟದ ಮೇಲೆ ಲೇಸರ್ ಹೊತ್ತಿದ ರಾತ್ರಿ

"ಕಿಡಿ ಬರ್ತೈತ್ರೀ ಸರ, ಲೇಸರ್ ಬರೂದಿಲ್ಲ." ನಮ್ಮ ಲ್ಯಾಬಿನ ಅಟೆಂಡರ್ ಮೂರು ತಿಂಗಳು ಇದನ್ನೇ ಹೇಳಿದ. ಸಂಕ್ರಾಂತಿಯ ಹಿಂದಿನ ರಾತ್ರಿ, ಧಾರವಾಡದ ನಮ್ಮ ಮನೆ ಅಟ್ಟದಲ್ಲಿ, ಬಂತು.

ಶುರುವಾದದ್ದು ಕ್ಲಾಸಿನಲ್ಲಿ. 2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರಿನಲ್ಲಿರುವ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಲೇಸರ್ ಪ್ರಯೋಗಾಲಯದಲ್ಲಿ (ಎನ್‌ಐಎಫ್) 2.05 ಮೆಗಾಜೂಲ್ ಲೇಸರ್ ಹಾಯಿಸಿ 3.15 ಮೆಗಾಜೂಲ್ ಪರಮಾಣು ಸಮ್ಮಿಲನ (ಫ್ಯೂಷನ್) ಶಕ್ತಿ ಪಡೆದದ್ದನ್ನು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗ, "ಲೇಸರ್ ತೋರಿಸ್ರೀ ಸರ" ಅಂದ. ಅವರ 192 ಕಿರಣಗಳು ಗುರಿಯ ಹತ್ತಿರ ಬರುವ ಹೊತ್ತಿಗೆ 351 ನ್ಯಾನೋಮೀಟರ್. ಮನೆಯಲ್ಲೇ ಮಾಡಬಹುದಾದ ನೈಟ್ರೋಜನ್ ಲೇಸರ್ ಕೊಡುವುದು 337. ಎರಡೂ ಕಣ್ಣಿಗೆ ಕಾಣದ ನೇರಳಾತೀತ. ಬಣ್ಣದ ಮಟ್ಟಿಗೆ ನೆರೆಮನೆಯವರೇ. ಶಕ್ತಿಯ ಲೆಕ್ಕ ಮಾತ್ರ ಕೇಳಬೇಡಿ. ಅದನ್ನೇ ಮಾಡಿ ತೋರಿಸೋಣ ಅಂದುಕೊಂಡೆ.

ಸಲಕರಣೆ ಇಷ್ಟೇ: ಅಲ್ಯುಮಿನಿಯಂ ಫಾಯಿಲ್, ಪಾರದರ್ಶಕ ಓಎಚ್‌ಪಿ ಶೀಟು (ಇವೆರಡೂ ಸೇರಿ ವಿದ್ಯುತ್ ಕೂಡಿಡುವ ಕೆಪಾಸಿಟರ್), ಕಿಟಕಿ ಮಾಡುವವರು ಬಿಸಾಡಿದ ಎರಡು ಆ್ಯಂಗಲ್ ತುಂಡು, ಹಳೆ ಟಿವಿಯ ಫ್ಲೈಬ್ಯಾಕ್, ಅಂದರೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್. ಎರಡು ಆ್ಯಂಗಲ್ ಅಂಚುಗಳ ನಡುವಿನ ಸಂದಿಯಲ್ಲಿ ಕಿಡಿ ಹಾರಬೇಕು. ಗಾಳಿಯಲ್ಲಿರುವ ನೈಟ್ರೋಜನ್ನೇ ಸಾಕು, ಕನ್ನಡಿಯೂ ಬೇಡ. ಆದರೆ ಸೋತದ್ದು ಹೇಳುತ್ತೇನೆ ಕೇಳಿ. ಎಲ್ಲರದೂ ಒಂದೇ ಸಲಹೆ: ವೋಲ್ಟೇಜ್ ಏರಿಸು. ಏರಿಸಿದೆ. ಹುಬ್ಬಳ್ಳಿ ಗುಜರಿಯಲ್ಲಿ ತಲಾ 350 ರೂಪಾಯಿಗೆ ತಂದ ಎರಡು ಫ್ಲೈಬ್ಯಾಕ್ ಸುಟ್ಟವು. ಜಡಿಮಳೆಯ ದಿನಗಳಲ್ಲಿ ಫಾಯಿಲಿನ ಅಂಚಿಗೆ ಶೀಟು ತೂತು ಬೀಳುತ್ತಲೇ ಇತ್ತು. ಒಟ್ಟು ನಾಲ್ಕು ಸಾವಿರದ ಮೇಲೆ ಹೋಗಿರಬೇಕು. ಮನೆಯಲ್ಲಿ ಎರಡು ಸಾವಿರ ಅಂದಿದ್ದೇನೆ.

ಒಂದು ರಾತ್ರಿ ದೀಪ ಆರಿಸಿ ಸಂದಿಯನ್ನೇ ನೋಡುತ್ತ ಕೂತೆ. ಕಿಡಿಯೆಲ್ಲ ಒಂದೇ ಮೂಲೆಯಲ್ಲಿ, ಬೆಳ್ಳಗೆ, ಚಟ್ ಚಟ್ ಅಂತ. ಬೇಕಾದದ್ದು ಉದ್ದಕ್ಕೂ ನೇರಳೆ ಪರದೆ. ಕೊರತೆ ವೋಲ್ಟೇಜಿನದಲ್ಲ, ಸಮತೆಯದು! ಎನ್‌ಐಎಫ್‌ನವರ ಕಥೆಯೂ ಹೀಗೇ ಅಲ್ಲವೇ? 2021ರ ಆಗಸ್ಟಿನಲ್ಲಿ 1.3 ಮೆಗಾಜೂಲ್ ಬಂದಿತ್ತು, ಅದನ್ನೇ ಮತ್ತೆ ಮಾಡಹೋದರೆ ಹೆಚ್ಚೆಂದರೆ ಅರ್ಧದಷ್ಟು ಬಂತು. ಇಂಧನ ತುಂಬಿದ ಸುಮಾರು ಎರಡು ಮಿಲಿಮೀಟರಿನ ವಜ್ರದ ಗೋಳವನ್ನು ಎಲ್ಲ ಕಡೆಯಿಂದ ಸಮನಾಗಿ ಅದುಮಬೇಕು, ಅದರಲ್ಲಿ ಕಣ್ಣಿಗೆ ಕಾಣದ ಕುಳಿಯಿದ್ದರೂ ಅದುಮುವುದು ಓರೆಯಾಗುತ್ತದೆ. ಆಮೇಲೆ ಅವರು ಲೇಸರ್ ಏರಿಸಿದ್ದು ಶೇಕಡಾ ಎಂಟರಷ್ಟೇ. ಜೊತೆಗೆ ಗೋಳದ ಗೋಡೆಯನ್ನೂ ಕೊಂಚ ದಪ್ಪ ಮಾಡಿದರು.

ನಾನು ಆ್ಯಂಗಲ್ ಅಂಚನ್ನು ಝೀರೋ ಪಾಲಿಶ್ ಪೇಪರಿನಿಂದ ಎರಡು ಸಂಜೆ ತಿಕ್ಕಿದೆ. ಸಂದಿ ಒಂದೂವರೆ ಮಿಲಿಮೀಟರ್ ಆಸುಪಾಸು, ಒಂದು ತುದಿಗೆ ಕೂದಲೆಳೆಯಷ್ಟು ಹೆಚ್ಚು ಅಗಲ. ಸಂದಿಯ ಕೆಳಗೆ ಇನ್ನೊಂದು ವಸ್ತು ಇಟ್ಟಿದ್ದೇನೆ. ಅದನ್ನು ಬರೆಯುವುದಿಲ್ಲ, ಧಾರವಾಡಕ್ಕೆ ಬಂದವರಿಗೆ ತೋರಿಸುತ್ತೇನೆ. ಹನ್ನೆರಡು ಕಿಲೋವೋಲ್ಟಿಗೇ ಎದುರಿನ ಬಿಳಿ ಹಾಳೆಯಲ್ಲಿ ನೀಲಿ ಚುಕ್ಕೆ ಮೂಡಿತು. ನೇರಳಾತೀತ ತಡೆಯುವ ಕನ್ನಡಕ ಮರೆಯಬೇಡಿ, ಆಫ್ ಮಾಡಿದ ಮೇಲೂ ಕೆಪಾಸಿಟರನ್ನು ಶಾರ್ಟ್ ಮಾಡದೆ ಮುಟ್ಟಬೇಡಿ. ನನ್ನ ಮೊಳಕೈ ಇನ್ನೂ ನೆನಪಿಟ್ಟಿದೆ.

ಆಮೇಲೆ ಕಂಡದ್ದಕ್ಕೆಲ್ಲ ಹಿಡಿದೆ. ಸ್ಪಿರಿಟಿನಲ್ಲಿ ಕದಡಿದ ಅರಿಶಿನ ಹಸಿರು ಹಳದಿಯಾಗಿ ಹೊಳೆಯಿತು. ವಾಷಿಂಗ್ ಪೌಡರಿನಲ್ಲಿ ಒಗೆದ ನನ್ನ ಬನಿಯನ್ನೂ ಹೊಳೆಯಿತು. "ಒಗದದ್ದು ಒಬ್ಬರಿಗಾದ್ರೂ ಕಾಣ್ತಲ್ಲ" ಅಂದಳು ಮನೆಯಾಕೆ.

ಸೆಕೆಂಡಿಗೆ ಐದು ಬಾರಿ ಹೊಡೆಸಲು ಹೋದೆ. ಹತ್ತು ನಿಮಿಷದೊಳಗೆ ಶೀಟು ಸುಟ್ಟ ವಾಸನೆ. ಎನ್‌ಐಎಫ್‌ನ ಲೇಸರ್ ಗಾಜು ಒಮ್ಮೆ ಹೊಡೆದರೆ ತಣಿಯಲು ಗಂಟೆಗಟ್ಟಲೆ ಬೇಕು. ವಿದ್ಯುತ್ ಸ್ಥಾವರವಾಗಬೇಕಾದರೆ ಸೆಕೆಂಡಿಗೆ ಹತ್ತರ ಲೆಕ್ಕ. ಅವರ ತಲೆನೋವು ಅವರಿಗಿರಲಿ. ಅಟೆಂಡರ್ ಈಗ ಸುಡುವ ಶೀಟಿನ ಬದಲಿಗೆ ಅಭ್ರಕದ (ಮೈಕಾ) ಹಾಳೆ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಿದ್ದಾನೆ, ಬಸ್ ಚಾರ್ಜು ನನ್ನದೇ.